ಲೆನ್ಸ್ ಹಾಕಿದ ದಿನ ಅಮ್ಮನ ಮುಖ

"ಕನ್ನಡಕ ಬಿಟ್ಟು ಕಾಂಟ್ಯಾಕ್ಟ್ ಲೆನ್ಸ್ ಹಾಕಿದರೆ ನಿಜವಾಗಿಯೂ ಲೋಕ ಬೇರೆ ಥರ ಕಾಣುತ್ತಾ, ಇಲ್ಲ ಸುಮ್ನೆ ಅಂದಕ್ಕೆ ಹಾಕೋದಾ?" ಅಂತ ಕೇಳಿದ್ದೀರಿ. ನನಗಂತೂ ಬೇರೆ ಥರವೇ ಕಂಡಿತು.

ನನ್ನ ಎರಡೂ ಕಣ್ಣಿಗೆ ಪವರ್ ಮೈನಸ್ 6, ಅಂದರೆ ಕನ್ನಡಕ ಇಲ್ಲದೆ ದೂರದ್ದೆಲ್ಲ ಮಬ್ಬು. ಕನ್ನಡಕ ಬಂದಾಗ 9 ವರ್ಷ, ಲೆನ್ಸ್ ಹಾಕಿದಾಗ 28. ಮೊದಲ ದಿನ ಲೆನ್ಸ್ ಹಾಕಿಸಿಕೊಂಡು ಎದ್ದು ನಿಂತೆ. ನನ್ನ ಪಾದಗಳೇ ನನಗೆ ದೊಡ್ಡದಾಗಿ ಕಂಡವು. ಎದುರಿನ ಕುರ್ಚಿ ಒಂದು ಹೆಜ್ಜೆ ಹತ್ತಿರ ಬಂದ ಹಾಗಿತ್ತು. ಮನೆಗೆ ಹೋದಾಗ ಅಮ್ಮ ನನ್ನನ್ನೇ ನೋಡುತ್ತಾ, "ನಿನ್ನ ಕಣ್ಣು ಇಷ್ಟು ದೊಡ್ಡದಿತ್ತಾ?" ಅಂದರು. ನಾನೂ ಅವರ ಮುಖವನ್ನು ಹಾಗೇ ನೋಡುತ್ತಿದ್ದೆ.

ಇದು ಭ್ರಮೆ ಅಲ್ಲ. ಮೈನಸ್ ಗಾಜು ವಸ್ತುಗಳನ್ನು ಸ್ವಲ್ಪ ಕುಗ್ಗಿಸಿ ತೋರಿಸುತ್ತದೆ. ಕನ್ನಡಕ ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ಮುಂದೆ ಕೂರುತ್ತದೆ. ಅಷ್ಟು ದೂರದಲ್ಲಿ ನನ್ನ ಪವರ್‌ನ ಗಾಜಿಟ್ಟರೆ ಎಲ್ಲವೂ ಸುಮಾರು 7% ಚಿಕ್ಕದಾಗಿ ಕಾಣುತ್ತದೆ. ಲೆನ್ಸ್ ಕಣ್ಣಿನ ಮೇಲೇ, ಕಣ್ಣೀರಿನ ತೆಳು ಪದರದ ಮೇಲೆ ಕೂರುವುದರಿಂದ ಆ ಕುಗ್ಗುವಿಕೆ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಹೊರಗಿನಿಂದ ನೋಡುವವರಿಗೂ ಹಾಗೇ, ಗಾಜಿನ ಹಿಂದಿನ ಕಣ್ಣು ಚಿಕ್ಕದಾಗಿಯೇ ಕಾಣುತ್ತದೆ. ಅಂದರೆ 19 ವರ್ಷ ನಾನು ಅಮ್ಮನ ಮುಖವನ್ನೂ, ಅವರು ನನ್ನ ಕಣ್ಣನ್ನೂ ಇರುವುದಕ್ಕಿಂತ ಚಿಕ್ಕದಾಗಿ ನೋಡಿದ್ದೆವು. ಇದು ಗೊತ್ತಾದಾಗ ನನಗೆ ಅಳು ಬಂತು.

ಇನ್ನೊಂದು, ಓರೆನೋಟ. ಕನ್ನಡಕದಲ್ಲಿ ಪಕ್ಕಕ್ಕೆ ನೋಡಬೇಕೆಂದರೆ ತಲೆಯನ್ನೇ ತಿರುಗಿಸುತ್ತಿದ್ದೆ. ಗಾಜಿನ ಅಂಚಿನಲ್ಲಿ ಎಲ್ಲ ವಕ್ರ, ಅದರಾಚೆ ಮಬ್ಬು. ಲೆನ್ಸ್ ಕಣ್ಣಿನ ಜೊತೆಗೇ ಹೊರಳುತ್ತದೆ. ಮೆಟ್ಟಿಲು ಇಳಿಯುವಾಗ ಬರೀ ಕಣ್ಣು ಕೆಳಗೆ ಮಾಡಿದರೆ ಸಾಕು ಅನ್ನುವುದು ನನಗೆ ಹೊಸದು.

ನಿಮ್ಮ ಪವರ್ ಎಷ್ಟು ಅಂತ ಬರೆದಿಲ್ಲ. 1 ಅಥವಾ 2 ಇದ್ದರೆ ಗಾತ್ರದ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲ್ಲ. ಪವರ್ ಎಷ್ಟೇ ಇದ್ದರೂ ಕನ್ನಡಕದ ಚೀಟಿ ಹಿಡಿದು ಲೆನ್ಸ್ ಕೊಳ್ಳಬೇಡಿ. ಲೆನ್ಸ್ ಕಣ್ಣಿನ ಮೇಲೇ ಕೂರುವುದರಿಂದ, ಕನ್ನಡಕದಲ್ಲಿ ಮೈನಸ್ 6 ಇರುವ ನನಗೆ ಲೆನ್ಸ್ ಕೊಟ್ಟಿದ್ದು ಮೈನಸ್ 5.50. ಕಣ್ಣಿನ ಮೇಲ್ಮೈಯ ಬಾಗು, ಕಣ್ಣೀರು ಎರಡನ್ನೂ ಪರೀಕ್ಷಿಸಿಯೇ ಬರೆಯಬೇಕು. ನಲವತ್ತು ದಾಟಿದವರಿಗೆ ಒಂದು ಮಾತು: ಮೈನಸ್ ಇರುವವರ ಕಣ್ಣು ಲೆನ್ಸ್‌ನಲ್ಲಿ ಓದುವಾಗ ಕನ್ನಡಕಕ್ಕಿಂತ ಜಾಸ್ತಿ ದುಡಿಯಬೇಕು, ಚಿಕ್ಕ ಅಕ್ಷರ ಕಷ್ಟ ಅನ್ನಿಸಬಹುದು.

ಇಷ್ಟೆಲ್ಲ ಹೇಳಿ ನನ್ನ ತಪ್ಪನ್ನು ಹೇಳದಿದ್ದರೆ ಸರಿಯಲ್ಲ. ಮೂರನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಲೆನ್ಸ್ ಹಾಕಿಕೊಂಡೇ ಮಲಗಿಬಿಟ್ಟೆ. ಎದ್ದಾಗ ಕಣ್ಣು ಕೆಂಪು, ಬೆಳಕು ನೋಡಲಾಗದಷ್ಟು ನೋವು. ಅವತ್ತೇ ಡಾಕ್ಟರ ಹತ್ತಿರ ಓಡಿದೆ. ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ರಕ್ತನಾಳ ಇಲ್ಲ, ಅದು ಹೆಚ್ಚಾಗಿ ಗಾಳಿಯಿಂದಲೇ ಆಮ್ಲಜನಕ ಪಡೆಯುತ್ತದೆ, ಮುಚ್ಚಿದ ರೆಪ್ಪೆಯ ಕೆಳಗೆ ಲೆನ್ಸೂ ಇದ್ದರೆ ಉಸಿರು ಕಟ್ಟಿದ ಹಾಗೆ ಅಂತ ವಿವರಿಸಿದರು. ಎರಡು ವಾರ ಮತ್ತೆ ಕನ್ನಡಕ. ದಯವಿಟ್ಟು ಲೆನ್ಸ್ ಹಾಕಿಕೊಂಡು ಮಲಗಬೇಡಿ. ನಲ್ಲಿ ನೀರು, ಕುಡಿಯುವ ನೀರು ಯಾವುದರಲ್ಲೂ ತೊಳೆಯಬೇಡಿ. ಅಕಾಂತಮೀಬಾ ಅನ್ನುವ ಜೀವಿ ನೀರಿನಲ್ಲಿರುತ್ತದೆ, ಅದು ಕಣ್ಣಿಗೆ ಅಂಟಿದರೆ ದೃಷ್ಟಿಯೇ ಹೋಗಬಹುದು. ಸ್ನಾನಕ್ಕೆ, ಈಜಿಗೆ ಮುಂಚೆ ತೆಗೆದಿಡಿ. ಮುಟ್ಟುವ ಮುಂಚೆ ಕೈ ತೊಳೆದು ಒರೆಸಿಕೊಳ್ಳಿ, ಲೆನ್ಸ್ ಡಬ್ಬಿಯಲ್ಲಿ ದಿನಾ ಹೊಸ ಸಲ್ಯೂಷನ್ (ಲೆನ್ಸ್ ನೆನೆಸಿಡುವ ದ್ರಾವಣ) ಹಾಕಿ.

ಆ ಎರಡು ವಾರದಲ್ಲೇ ಓಟೋ ವಿಖ್ಟರ್ಲೆ ಬಗ್ಗೆ ಓದಿದ್ದು. ಚೆಕ್ ದೇಶದ ಈ ರಸಾಯನಶಾಸ್ತ್ರಜ್ಞ 1961ರ ಕ್ರಿಸ್‌ಮಸ್ ಹೊತ್ತಿಗೆ ಮನೆಯಲ್ಲೇ, ಮಕ್ಕಳ ಆಟಿಕೆಯ ಬಿಡಿಭಾಗಗಳಿಗೆ ಸೈಕಲ್ ಡೈನಮೋ ಜೋಡಿಸಿ, ತಿರುಗುವ ಅಚ್ಚಿನಲ್ಲಿ ಮೆತ್ತನೆಯ ಲೆನ್ಸ್ ಮಾಡಿದರು. ಈಗಲೂ ಬೆಳಗ್ಗೆ ಬೆರಳ ತುದಿಯಲ್ಲಿ ಲೆನ್ಸ್ ಇಟ್ಟುಕೊಂಡಾಗ ಅವರು ನೆನಪಾಗುತ್ತಾರೆ.

ತಪಾಸಣೆಗೆ ಹೋದಾಗ ಟ್ರಯಲ್ ಲೆನ್ಸ್ ಹಾಕಿ ಸ್ವಲ್ಪ ಹೊತ್ತು ಕೂರಿಸಲು ಕೇಳಿ. ಆಮೇಲೆ ಎದ್ದು, ನಿಧಾನವಾಗಿ ಮೆಟ್ಟಿಲು ಇಳಿದು ನೋಡಿ. ಮನೆಯವರನ್ನು ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ, ಅವರ ಮುಖ ನೋಡಿ.