ಸ್ವಸ್ತಿಕವಿಲ್ಲದ ಚಿತ್ರವೂ ನಾತ್ಸಿ ಪ್ರಚಾರವಾಗುವುದು ಹೇಗೆ?

ನೀವು ಕೇಳಿದ, ರೈತ ಕುಟುಂಬವನ್ನು ತೋರಿಸುವ ಆ ಜರ್ಮನ್ ವರ್ಣಚಿತ್ರದಲ್ಲಿ ಸ್ವಸ್ತಿಕವಾಗಲಿ ಸೈನಿಕರಾಗಲಿ ಇಲ್ಲದಿರುವಾಗ ಅದನ್ನು ನಾತ್ಸಿ ಪ್ರಚಾರವೆಂದು ಏಕೆ ಕರೆಯುತ್ತಾರೆಂಬ ನಿಮ್ಮ ಗೊಂದಲಕ್ಕೆ ಕಾರಣ, ಬಹುಶಃ, ನೀವು ನಿಯಂತ್ರಣವನ್ನು ಚೌಕಟ್ಟಿನ ಒಳಗೇ ಹುಡುಕುತ್ತಿರುವುದು. ಅದು ಹೆಚ್ಚಾಗಿ ಇದ್ದದ್ದು ಹೊರಗೆ, ಯಾರು ಚಿತ್ರ ಬರೆಯಬಹುದು, ಯಾವುದನ್ನು ಜನರಿಗೆ ತೋರಿಸಬಹುದು ಎಂಬ ತೀರ್ಮಾನದಲ್ಲಿ.

ಮೊದಲು ಚಿತ್ರದ ವರ್ಷವನ್ನು ಖಚಿತಪಡಿಸಿಕೊಳ್ಳಿ. ಅದನ್ನು ನೀವು ತಿಳಿಸಿಲ್ಲ. ನಾತ್ಸಿಗಳು ಅಧಿಕಾರಕ್ಕೆ ಬಂದ 1933ಕ್ಕಿಂತ ಹಿಂದಿನದಾಗಿದ್ದರೆ ನನ್ನ ಮಾತು ಪೂರ್ತಿ ಅನ್ವಯಿಸಲಾರದು. ಆ ವರ್ಷದ ಸೆಪ್ಟೆಂಬರಿನ ಕಾನೂನಿನಿಂದ ಹುಟ್ಟಿದ ಸರ್ಕಾರಿ ಸಂಸ್ಕೃತಿ ಮಂಡಲಿಯ ಸದಸ್ಯತ್ವವಿಲ್ಲದೆ ಕಲಾವಿದರು ವೃತ್ತಿ ನಡೆಸುವಂತಿರಲಿಲ್ಲ. 1936ರ ನವೆಂಬರಿನಲ್ಲಿ ಪ್ರಚಾರ ಸಚಿವ ಗೋಬೆಲ್ಸ್ ಕಲಾವಿಮರ್ಶೆಯನ್ನೇ ನಿಷೇಧಿಸಿದ.

ಅನಂತರ ಚಿತ್ರ ಎಲ್ಲಿ ಪ್ರದರ್ಶನಗೊಂಡಿತೆಂದು ನೋಡಿ. 1937ರಿಂದ 1944ರವರೆಗೆ ಮ್ಯೂನಿಕ್‌ನಲ್ಲಿ ನಾತ್ಸಿ ಆಡಳಿತ ತಾನು ಒಪ್ಪಿದ ಕಲೆಗಾಗಿ ನಡೆಸಿದ ‘ಮಹಾ ಜರ್ಮನ್ ಕಲಾ ಪ್ರದರ್ಶನ’ಗಳ ಛಾಯಾಚಿತ್ರಗಳು ಅಂತರ್ಜಾಲದಲ್ಲಿ ಮುಕ್ತವಾಗಿವೆ, ಕೃತಿಗಳನ್ನು ಕೊಂಡವರಲ್ಲಿ ಹಿಟ್ಲರನ ಹೆಸರು ಮತ್ತೆ ಮತ್ತೆ ಕಾಣಿಸುತ್ತದೆ.

ಕೊನೆಯದಾಗಿ, ಮತ್ತು ಇದನ್ನು ದಯವಿಟ್ಟು ಬಿಡಬೇಡಿ, ಅದೇ ಕಾಲದಲ್ಲಿ ಸಂಗ್ರಹಾಲಯಗಳಿಂದ ಯಾವುದನ್ನು ಕಿತ್ತುಹಾಕಲಾಯಿತೆಂಬುದನ್ನೂ ಪಕ್ಕದಲ್ಲಿಟ್ಟು ನೋಡಿ. ಮೊದಲ ಮಹಾ ಪ್ರದರ್ಶನ ಆರಂಭವಾದ ಮರುದಿನ, 1937ರ ಜುಲೈ 19ರಂದು, ಅದೇ ನಗರದಲ್ಲಿ ‘ಅವನತ ಕಲೆ’ಯ (ನಾತ್ಸಿಗಳು ಹೀಗೆ ಹಳಿಯುತ್ತಿದ್ದ ಆಧುನಿಕ ಕಲೆಯ) ಪ್ರದರ್ಶನ ತೆರೆಯಿತು. ಅಲ್ಲಿ ಚಿತ್ರಗಳನ್ನು ಒತ್ತೊತ್ತಾಗಿ ತೂಗುಹಾಕಿ, ಗೋಡೆಯ ಮೇಲೆ ಅವಹೇಳನದ ಬರಹಗಳನ್ನು ಬರೆದು, ಹಣದ ಬೆಲೆಯೇ ಕುಸಿದಿದ್ದ ಹಣದುಬ್ಬರದ ಕಾಲದಲ್ಲಿ ಸಂಗ್ರಹಾಲಯಗಳು ತೆತ್ತ ಭಾರಿ ಮೊತ್ತಗಳನ್ನು ಯಾವ ವಿವರಣೆಯೂ ಇಲ್ಲದೆ ನಮೂದಿಸಿ, ತೆರಿಗೆ ಕಟ್ಟುವವರ ಸಿಟ್ಟನ್ನು ಕೆರಳಿಸಲಾಗಿತ್ತು. ಜರ್ಮನ್ ಚಿತ್ರಕಾರ ಎಮಿಲ್ ನೋಲ್ಡೆ ಸ್ವತಃ ನಾತ್ಸಿ ಪಕ್ಷದ ಸದಸ್ಯನಾಗಿದ್ದರೂ ಅವನ ಸಾವಿರಕ್ಕೂ ಹೆಚ್ಚು ಕೃತಿಗಳು ಸರ್ಕಾರದ ವಶವಾದವು. ಆದ್ದರಿಂದ ಕಲಾವಿದನ ರಾಜಕೀಯ ನಿಷ್ಠೆಯೊಂದನ್ನೇ ನೋಡಿ ತೀರ್ಮಾನಿಸಬೇಡಿ. ವಶಪಡಿಸಿಕೊಂಡ ಕೃತಿಗಳ ಪಟ್ಟಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದ ಜಾಲತಾಣದಲ್ಲಿದೆ. ನಿಮ್ಮ ಕಲಾವಿದನ ಹೆಸರನ್ನು ಅಲ್ಲಿಯೂ ಹುಡುಕಿ.