ಹಳೆಯ ಕಾಲದಲ್ಲಿ ಇಂಗ್ಲೆಂಡನ್ನು ಆಳಿದ ಆಂಗ್ಲೋ-ಸ್ಯಾಕ್ಸನ್ ರಾಜರು ಕ್ರೈಸ್ತ ಮಠಗಳನ್ನು ಯಾಕೆ ಕಟ್ಟಿಸುತ್ತಿದ್ದರು?

ಭಕ್ತಿ ಇತ್ತು, ನಿಜ. ಆದರೆ ಎಷ್ಟೋ ಸಲ ಪಾಪ ಕಳೆಯಲು, ಹರಕೆ ತೀರಿಸಲು ಕಟ್ಟಿಸಿದರು.

ಉತ್ತರ ಇಂಗ್ಲೆಂಡಿನ ರಾಜ ಓಸ್ವಿ 651ರಲ್ಲಿ ಪಕ್ಕದ ರಾಜ ಓಸ್ವಿನ್‌ನನ್ನು ಕೊಲ್ಲಿಸಿದ. ಓಸ್ವಿಯ ರಾಣಿ ಈನ್‌ಫ್ಲೆಡ್ ಸತ್ತವನ ಸಂಬಂಧಿ. ಕೊಲೆಯಾದರೆ ಬಂಧುಗಳಿಗೆ ಪರಿಹಾರ ಕೊಡಬೇಕು, ಇಲ್ಲದಿದ್ದರೆ ಸೇಡು ಅನ್ನುವುದು ಆ ಕಾಲದ ಕಟ್ಟಳೆ. ರಾಣಿ ಕೇಳಿದ್ದು ಜಮೀನು, ಅದೂ ಮಠಕ್ಕಾಗಿ. ಕೊಲೆ ನಡೆದ ಗಿಲಿಂಗ್‌ನಲ್ಲೇ ಮಠ ಎದ್ದಿತು. ಸತ್ತವನ ಹತ್ತಿರದ ಬಂಧು ಟ್ರಮ್‌ಹಿಯರ್ ಅದರ ಮುಖ್ಯಸ್ಥನಾದ. ಅಲ್ಲಿ ದಿನವೂ ಇಬ್ಬರಿಗೂ ಪ್ರಾರ್ಥನೆ, ಕೊಂದವನಿಗೂ, ಸತ್ತವನಿಗೂ. ಸೇಡಿನ ಬದಲು ಇಂಥ ದಾರಿ ಹುಡುಕಿದ್ದು ದೊಡ್ಡ ವಿಷಯ ಅಲ್ವಾ?

655ರಲ್ಲಿ ಅದೇ ಓಸ್ವಿ ಯುದ್ಧಕ್ಕೆ ಮೊದಲು ಹರಕೆ ಹೊತ್ತ. ಗೆದ್ದ ಮೇಲೆ ಮಠಗಳಿಗೆ 12 ಜಮೀನುಗಳನ್ನು ಕೊಟ್ಟ.