ಬಿಲ್ಲು ಹಿಡಿದು ಮೊದಲ ಸಲ ರಾಕಿ ಪರ್ವತಕ್ಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಎಚ್‌1ಬಿ ವೀಸಾದ ಮೇಲೆ ಕೆಲಸ ಮಾಡುತ್ತಿದ್ದೇನೆ. ಎರಡು ಹಂಗಾಮು ಮರದ ಅಟ್ಟಣೆಯ ಮೇಲೆ ಕುಳಿತು ಕಾಂಪೌಂಡ್ ಬಿಲ್ಲಿನಿಂದ ವೈಟ್‌ಟೇಲ್ ಜಿಂಕೆಯ ಬೇಟೆಯಾಡಿದ್ದೇನೆ. ಮುಂದಿನ ಸೆಪ್ಟೆಂಬರಿನಲ್ಲಿ ಕೊಲೊರಾಡೊಗೆ ಹೋಗಿ ಎಲ್ಕ್ (ಜಿಂಕೆಯ ಕುಟುಂಬದ ಭಾರಿ ಪ್ರಾಣಿ) ಅಥವಾ ಮ್ಯೂಲ್ ಡಿಯರ್ ಬೇಟೆಯಾಡುವ ಆಸೆಯಿದೆ. ಒಬ್ಬನೇ ಹೋಗಬಹುದೇ? ಸಿದ್ಧತೆಯನ್ನು ಎಲ್ಲಿಂದ ಆರಂಭಿಸಲಿ?

ಉತ್ತರ: ಕೊನೆಯಿಂದ ಆರಂಭಿಸಿ. ಮಿಕ ಬಿದ್ದ ಮೇಲೆ ಅದರ ಮಾಂಸವನ್ನು ಕೆಡದಂತೆ ಗಾಡಿಯವರೆಗೆ ತರುವುದು ಹೇಗೆ ಎಂಬುದನ್ನು ಮೊದಲು ತೀರ್ಮಾನಿಸಿದರೆ ಎಲ್ಲಿಗೆ ಹೋಗಬೇಕು, ಯಾರೊಡನೆ ಹೋಗಬೇಕು, ಯಾವ ಪ್ರಾಣಿಗೆ ಅರ್ಜಿ ಹಾಕಬೇಕು ಎಂಬುದೆಲ್ಲ ತಾನಾಗಿಯೇ ಇತ್ಯರ್ಥವಾಗುತ್ತದೆ. ಬಲಿತ ಗಂಡು ಎಲ್ಕ್ ಸುಮಾರು 300 ಕಿಲೊ ತೂಗುತ್ತದೆ. ಮೂಳೆ ಬಿಡಿಸಿದ ಮೇಲೂ 80ರಿಂದ 100 ಕಿಲೊ ಮಾಂಸ ಉಳಿಯುತ್ತದೆ. ಗಟ್ಟಿಮುಟ್ಟಾದ ಒಬ್ಬರು ಗುಡ್ಡಗಾಡಿನಲ್ಲಿ ಒಂದು ಸಲಕ್ಕೆ 25, ಹೆಚ್ಚೆಂದರೆ 30 ಕಿಲೊ ಹೊರಬಲ್ಲರು. ಗಾಡಿ ನಿಂತ ಜಾಗದಿಂದ ಮೂರು ಮೈಲಿ ಒಳಗೆ ಎಲ್ಕ್ ಬಿದ್ದು ನೀವೊಬ್ಬರೇ ಇದ್ದರೆ, ನಾಲ್ಕು ಹೊರೆಗಾಗಿ ಆ ದಾರಿಯನ್ನು ಏಳು ಸಲ ತುಳಿಯಬೇಕಾಗುತ್ತದೆ, ಅಂದರೆ 21 ಮೈಲಿ. ಅದೂ ಹತ್ತು ಸಾವಿರ ಅಡಿ ಎತ್ತರದ ತೆಳುಗಾಳಿಯಲ್ಲಿ, ಹಗಲು ಬಿಸಿಲು ಇನ್ನೂ ಚುರುಕಾಗಿರುವ ಸೆಪ್ಟೆಂಬರಿನಲ್ಲಿ.

ಇದನ್ನು ನಾನು ಕಲಿತದ್ದು ಪ್ರಾಣಿಯೊಂದಕ್ಕೆ ಅನ್ಯಾಯ ಮಾಡಿದ ಮೇಲೆ. ನನ್ನ ಮೊದಲ ಎಲ್ಕ್, ಒಂದು ಹೆಣ್ಣು, ಸಂಜೆಗತ್ತಲಲ್ಲಿ ಬಿತ್ತು. ನಾನು ಆಯಾಸದಿಂದ ಮೂರು ತೊಡೆಗಳನ್ನು ಬಿಡಿಸಿ, ನೆಲಕ್ಕೆ ಒರಗಿದ್ದ ನಾಲ್ಕನೆಯದನ್ನು ಚರ್ಮದ ಸಮೇತ ಬೆಳಗಿನವರೆಗೆ ಬಿಟ್ಟೆ. ರಾತ್ರಿ ಮಂಜು ಬಿದ್ದಿತ್ತು, ಮೇಲಿನ ಕೂದಲು ಕೈಗೆ ತಣ್ಣಗೆ ಹತ್ತಿತು. ಆದರೆ ಚಾಕು ಸೊಂಟದ ಕೀಲು ಮುಟ್ಟಿದಾಗ ಒಳಗಿನ ಮಾಂಸ ಇನ್ನೂ ಬೆಚ್ಚಗಿತ್ತು, ಮೂಳೆಯ ಸುತ್ತ ಹಸಿರು ತಿರುಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಆ ದಪ್ಪ ಚರ್ಮ ಕಂಬಳಿಯಂತೆ ಬಿಸಿಯನ್ನು ಹಿಡಿದಿಡುತ್ತದೆ. ಆದ್ದರಿಂದ ಚರ್ಮ ಸುಲಿಯುವುದು, ತೊಡೆಗಳನ್ನು ಬಿಡಿಸುವುದು, ಮಾಂಸವನ್ನು ತೆಳುಬಟ್ಟೆಯ ಚೀಲಗಳಲ್ಲಿ ತುಂಬಿ ನೆರಳಿರುವ ಉತ್ತರದ ಇಳಿಜಾರಿನಲ್ಲಿ ಗಾಳಿಯಾಡುವಂತೆ ತೂಗುಹಾಕುವುದು, ಇಷ್ಟೂ ಅದೇ ರಾತ್ರಿ ಮುಗಿಯಬೇಕು. ಲಿಂಗದ ಗುರುತನ್ನು ಮಾಂಸಕ್ಕೆ ಅಂಟಿದಂತೆಯೇ ಉಳಿಸಬೇಕೆಂದು ಕೊಲೊರಾಡೊದ ನಿಯಮವಿದೆ, ಕತ್ತರಿಸುವಾಗ ಅದನ್ನು ಮರೆಯಬಾರದು.

ಹೀಗಾಗಿ ನನ್ನ ಸಲಹೆ ಸ್ಪಷ್ಟವಾಗಿದೆ. ಒಬ್ಬರೇ ಹೋಗುವುದಾದರೆ ಮ್ಯೂಲ್ ಡಿಯರ್ ಆರಿಸಿಕೊಳ್ಳಿ. ಹೇಸರಗತ್ತೆಯಂಥ ಉದ್ದ ಕಿವಿಯಿಂದ ಹೆಸರು ಪಡೆದ ಈ ಜಿಂಕೆಯ ಮಾಂಸ ಮೂಳೆ ಬಿಡಿಸಿದ ಮೇಲೆ ಒಂದು ಅಥವಾ ಎರಡು ಹೊರೆಯಷ್ಟೇ ಆಗುತ್ತದೆ. ಎಲ್ಕ್ ಬೇಕೇ ಬೇಕೆಂದರೆ ಇಬ್ಬರು ಜೊತೆಗಾರರನ್ನು ಒಪ್ಪಿಸಿ, ಗಾಡಿಯಿಂದ ಎರಡು ಮೈಲಿಗಿಂತ ಆಚೆ ಬಾಣ ಬಿಡುವುದಿಲ್ಲವೆಂದು ಮೊದಲೇ ನಿರ್ಧರಿಸಿ.

ಇನ್ನು ಪರವಾನಗಿ. ಬಿಲ್ಲು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಬಂದೂಕಿನ ವರ್ಗಕ್ಕೆ ಸೇರುವುದಿಲ್ಲವಾದ್ದರಿಂದ, ಬಂದೂಕಿನ ವಿಷಯದಲ್ಲಿ ವೀಸಾದಾರರ ಮೇಲಿರುವ ನಿರ್ಬಂಧ ನಿಮಗೆ ಅಡ್ಡಬರುವುದಿಲ್ಲ; ನೀವು ಹೊರರಾಜ್ಯದ ಅರ್ಜಿದಾರರಾಗುತ್ತೀರಿ, ಅಷ್ಟೇ. ಕೊಲೊರಾಡೊದಲ್ಲಿ 1949ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರೆಲ್ಲರಿಗೂ ಬೇಟೆ ಶಿಕ್ಷಣದ ಪ್ರಮಾಣಪತ್ರ ಬೇಕು, ಟೆಕ್ಸಸ್‌ನಲ್ಲಿ ಪಡೆದದ್ದು ಸಾಕಾಗುತ್ತದೆ. ಹಿಂದೆ ಹೊರಗಿನವರು ಬಿಲ್ಲಿನ ಎಲ್ಕ್ ಪರವಾನಗಿಯನ್ನು ಅಂಗಡಿಯಲ್ಲಿ ನೇರವಾಗಿ ಕೊಳ್ಳಬಹುದಾಗಿತ್ತು. 2025ರಿಂದ 25ನೆಯ ಅಂತರರಾಜ್ಯ ಹೆದ್ದಾರಿಯ ಪಶ್ಚಿಮಕ್ಕೆ ಆ ಸೌಲಭ್ಯ ನಿಂತಿದೆ, ಲಾಟರಿಗೆ ಅರ್ಜಿ ಹಾಕಬೇಕು. ಜಿಂಕೆಗಂತೂ 1999ರಿಂದಲೇ ಎಲ್ಲವೂ ಲಾಟರಿ. ಅರ್ಜಿಯ ಗಡುವು ಏಪ್ರಿಲ್‌ನ ಮೊದಲ ಮಂಗಳವಾರ. ಮೊದಲ ಆಯ್ಕೆ ಸಿಗದಿದ್ದರೆ ಒಂದು ಆದ್ಯತಾ ಅಂಕ ಬರುತ್ತದೆ, ಮುಂದಿನ ವರ್ಷ ಅದು ನೆರವಾಗುತ್ತದೆ. ಹೊರಗಿನವರಿಗೆ ಎಲ್ಕ್ ಪರವಾನಗಿಯ ಶುಲ್ಕ 800 ಡಾಲರಿನ ಆಸುಪಾಸಿನಲ್ಲಿದೆ. ವಯೋಮಿಂಗ್ ಕಡೆಗೆ ಮನಸ್ಸು ತಿರುಗಿದರೆ ಒಂದು ಮಾತು ನೆನಪಿರಲಿ: ಅಲ್ಲಿ ಫೆಡರಲ್ ವಿಲ್ಡರ್ನೆಸ್ ಪ್ರದೇಶದೊಳಗೆ (ಕೇಂದ್ರ ಸರ್ಕಾರ ಕಾಡಾಗಿಯೇ ಕಾಯ್ದಿಟ್ಟ ಜಾಗದಲ್ಲಿ) ಹೊರರಾಜ್ಯದವರು ಮಾರ್ಗದರ್ಶಿಯಿಲ್ಲದೆ ದೊಡ್ಡ ಪ್ರಾಣಿಯ ಬೇಟೆಯಾಡುವಂತಿಲ್ಲ.

ಪ್ರಶ್ನೆ: ನಾನು 60 ಗಜದ ಗುರಿಯನ್ನು ತಪ್ಪದೆ ಹೊಡೆಯುತ್ತೇನೆ. ಎಲ್ಕ್ ಬೇಟೆಗೆ ಇದು ಸಾಕೇ? ಬೆಟ್ಟದಲ್ಲಿ ಬೇರೆ ಏನು ಅಭ್ಯಾಸ ಬೇಕು?

ಉತ್ತರ: ಅಂಗಳದ 60 ಗಜವನ್ನು ಬೆಟ್ಟದಲ್ಲಿ 40 ಎಂದು ಎಣಿಸಿ. ಸೆಕೆಂಡಿಗೆ 270 ಅಡಿ ವೇಗದ ಬಾಣ 60 ಗಜ ಕ್ರಮಿಸಲು ಸೆಕೆಂಡಿನ ಮೂರರಲ್ಲಿ ಎರಡು ಭಾಗ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಮೇಯುತ್ತಿರುವ ಪ್ರಾಣಿ ಒಂದು ಹೆಜ್ಜೆ ಮುಂದಿಟ್ಟರೂ ಶ್ವಾಸಕೋಶಕ್ಕೆ ಹೋಗಬೇಕಾದ ಬಾಣ ಹೊಟ್ಟೆಗೆ ನಾಟುತ್ತದೆ. ಮೆಟ್ಟಿಲುಗಳನ್ನು ಓಡಿ ಹತ್ತಿ, ಏದುಸಿರಿನಲ್ಲಿಯೇ ಹೆದೆ ಎಳೆದು ಒಂದೇ ಒಂದು ಬಾಣ ಬಿಡುವುದನ್ನು ದಿನವೂ ಅಭ್ಯಾಸ ಮಾಡಿ. ಬೆಟ್ಟದಲ್ಲಿ ಸಿಗುವುದು ಆ ಒಂದು ಬಾಣ ಮಾತ್ರ. ಅಭ್ಯಾಸದ ಮೊನೆಯೂ ಬೇಟೆಯ ಅಲಗೂ ಗಾಳಿಯಲ್ಲಿ ಒಂದೇ ರೀತಿ ಸಾಗುವುದಿಲ್ಲವಾದ್ದರಿಂದ, ಕೊನೆಯ ತಿಂಗಳು ಅಲಗು ಹಾಕಿಯೇ ಗುರಿ ಪರೀಕ್ಷಿಸಿ. ಪ್ರಾಣಿ ಪೂರ್ತಿ ಅಡ್ಡಲಾಗಿ ನಿಂತಾಗ ಅಥವಾ ನಿಮ್ಮಿಂದ ತುಸು ಆಚೆಗೆ ತಿರುಗಿರುವಾಗ ಮಾತ್ರ ಬಾಣ ಬಿಡಿ. ಬಿಟ್ಟ ಮೇಲೆ ಕನಿಷ್ಠ ಅರ್ಧ ಗಂಟೆ ಅಲ್ಲಾಡದೆ ಕಾಯಿರಿ. ಹೊಟ್ಟೆಗೆ ತಗುಲಿದ ಸಂಶಯವಿದ್ದರೆ ಹಲವು ಗಂಟೆ ಕಾಯದೆ ಬೆನ್ನು ಹತ್ತಬಾರದು.

ಅಟ್ಟಣೆಯ ಬೇಟೆಗಾರರಿಗೆ ಹೊಸದಾಗುವುದು ಬೆಟ್ಟದ ಗಾಳಿ. ರಾತ್ರಿ ತಣಿದ ಗಾಳಿ ಮುಂಜಾನೆ ಕಣಿವೆಯ ಕಡೆಗೆ ಇಳಿಯುತ್ತಿರುತ್ತದೆ, ಬಿಸಿಲು ಇಳಿಜಾರಿಗೆ ತಾಕಿದ ಮೇಲೆ ಅದೇ ಗಾಳಿ ಮೇಲೇರತೊಡಗುತ್ತದೆ, ಸಂಜೆ ಮತ್ತೆ ಇಳಿಯುತ್ತದೆ. ಈ ತಿರುವಿನ ಅರ್ಧ ಗಂಟೆಯಲ್ಲಿ ಗಾಳಿ ಯಾವ ಕಡೆಗೂ ಬೀಸಬಹುದು, ಆಗ ಕುಳಿತಿರುವುದೇ ಲೇಸು. ಜೇಬಿನಲ್ಲಿ ವಿಭೂತಿಯಷ್ಟು ನಯವಾದ ಬಿಳಿ ಪುಡಿಯ ಪುಟ್ಟ ಬಾಟಲಿಯಿರಲಿ. ಹಿಚುಕಿದಾಗ ಹೊಮ್ಮುವ ಪುಡಿ ಹತ್ತು ಅಡಿ ದೂರ ನೆಟ್ಟಗೆ ಹೋಗಿ, ಹಳ್ಳದ ಅಂಚಿನಲ್ಲಿ ಥಟ್ಟನೆ ಹೊರಳಿ ಕೆಳಗಿಳಿಯುವುದನ್ನು ನೋಡಿದರೆ ನಿಮ್ಮ ವಾಸನೆ ಎಲ್ಲಿಗೆ ಹೋಗುತ್ತಿದೆಯೆಂದು ತಿಳಿಯುತ್ತದೆ. ಸೆಪ್ಟೆಂಬರಿನ ನಡುವೆ ಎಲ್ಕ್ ಬೆದೆಗೆ ಬಂದಿರುವಾಗ ಗಂಡು ಕೊಳಲಿನಂತೆ ಕೂಗಿ ತನ್ನ ಜಾಗವನ್ನು ತಾನೇ ಹೇಳಿಬಿಡುತ್ತದೆ. ಕೂಗಿಗೆ ಮರುಳಾಗಿ ಗಾಳಿಯನ್ನು ಮರೆತವರು ಬರಿಗೈಯಲ್ಲಿ ಮರಳುತ್ತಾರೆ.

ಎತ್ತರದ ವಿಷಯವನ್ನು ಹಗುರವಾಗಿ ಕಾಣಬೇಡಿ. ಡೆನ್ವರ್‌ನಂಥ 5,280 ಅಡಿಯ ಊರಿನಲ್ಲಿ ಒಂದು ರಾತ್ರಿ ತಂಗಿ, ಆಮೇಲೆ ಮೇಲೇರಿ. ತಲೆನೋವು, ವಾಕರಿಕೆ ಹೆಚ್ಚುತ್ತಾ ಹೋದರೆ ಅದಕ್ಕೆ ಮದ್ದು ಕೆಳಗಿಳಿಯುವುದು.

ಪ್ರಶ್ನೆ: ನಮ್ಮ ಯಜಮಾನರು ಎಲ್ಕ್ ಬೇಟೆಗೆ ಹೊರಟಿದ್ದಾರೆ. ಜಿಂಕೆಗಳಿಗೆ ಮಿದುಳಿನ ರೋಗವೊಂದು ತಗುಲಿದೆಯೆಂದು ಕೇಳಿದ್ದೇನೆ. ಆ ಮಾಂಸವನ್ನು ಮಕ್ಕಳಿಗೆ ಕೊಡಬಹುದೇ?

ಉತ್ತರ: ನೀವು ಕೇಳಿರುವುದು ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ರೋಗ. 1967ರಲ್ಲಿ ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ ಸಾಕಿದ ಮ್ಯೂಲ್ ಡಿಯರ್‌ಗಳಲ್ಲಿ ಅದು ಮೊದಲು ಕಂಡಿತು, 1981ರಲ್ಲಿ ಕಾಡಿನ ಎಲ್ಕ್‌ನಲ್ಲಿಯೂ ದೃಢಪಟ್ಟಿತು. ರೂಪಗೆಟ್ಟ ಪ್ರೋಟೀನಿನಿಂದ ಹರಡುವ ಈ ರೋಗ ಬೇಯಿಸುವುದರಿಂದ ಹೋಗುವುದಿಲ್ಲ. ಮನುಷ್ಯರಿಗೆ ತಗುಲಿದ ಖಚಿತ ಪ್ರಕರಣ ಇದುವರೆಗೆ ವರದಿಯಾಗಿಲ್ಲ. ಆದರೂ ರೋಗವಿರುವ ಪ್ರಾಣಿಯ ಮಾಂಸವನ್ನು ತಿನ್ನಬಾರದೆಂದು ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ, ನಾನೂ ಅದನ್ನೇ ಹೇಳುತ್ತೇನೆ. ಪ್ರಾಣಿಯ ತಲೆಯನ್ನು ರಾಜ್ಯದ ವನ್ಯಜೀವಿ ಕಚೇರಿಗೆ ಒಪ್ಪಿಸಿದರೆ ಪರೀಕ್ಷೆ ಮಾಡಿಕೊಡುತ್ತಾರೆ. ಹಲವು ರಾಜ್ಯಗಳು ಮಿದುಳು, ಬೆನ್ನುಹುರಿಗಳನ್ನು ಗಡಿಯೊಳಗೆ ಬಿಡುವುದಿಲ್ಲ, ಆದ್ದರಿಂದ ಯಜಮಾನರು ಮೂಳೆ ಬಿಡಿಸಿದ ಮಾಂಸವನ್ನೇ ತರುವುದು ಒಳ್ಳೆಯದು. ಪ್ರತಿ ಪೊಟ್ಟಣದ ಮೇಲೆ ಯಾವ ಪ್ರಾಣಿಯದೆಂದು ಬರೆದು ಫ್ರೀಜರಿನಲ್ಲಿಡಿ, ಫಲಿತಾಂಶ ಕೈಗೆ ಬರುವವರೆಗೆ ಒಂದನ್ನೂ ಒಡೆಯಬೇಡಿ. ಬಂದ ಮೇಲೆ ಮೊಣಕಾಲಿನ ಭಾಗದ ಮಾಂಸದಿಂದ ಆರಂಭಿಸಿ: ಎಲ್ಕ್ ಮಾಂಸದಲ್ಲಿ ಕೊಬ್ಬು ಕಡಿಮೆ, ಹುರಿದರೆ ಬಿರುಸಾಗುತ್ತದೆ, ಆದರೆ ಈ ಭಾಗ ಮೆಣಸು-ಕೊತ್ತಂಬರಿಯ ಸಾರಿನಲ್ಲಿ ಸಣ್ಣ ಉರಿಯ ಮೇಲೆ ಎರಡು ಮೂರು ಗಂಟೆ ಬೆಂದರೆ ಮಕ್ಕಳೂ ಅಗಿಯುವಷ್ಟು ಮೆತ್ತಗಾಗುತ್ತದೆ.